ಹಿಮಯುಗದ ಲೆಕ್ಕ ಹಾಕಿದ ರಸಾಯನಜ್ಞ: ಸ್ವಾಂಟೆ ಅರ್ಹೀನಿಯಸ್

ರಸಾಯನಶಾಸ್ತ್ರದ ಮೊದಲ ಪಾಠಗಳನ್ನು ಓದಿದವರಿಗೆಲ್ಲ ಸ್ವಾಂಟೆ ಅರ್ಹೀನಿಯಸ್ ಎಂಬ ಹೆಸರು ಪರಿಚಿತವಾದುದು. ನೀರಿನಲ್ಲಿ ಕರಗಿದ ಉಪ್ಪು ವಿದ್ಯುದಂಶವುಳ್ಳ ಕಣಗಳಾಗಿ ಒಡೆಯುತ್ತದೆಂದೂ, ಆ ಕಣಗಳೇ ದ್ರಾವಣದಲ್ಲಿ ವಿದ್ಯುತ್ತನ್ನು ಹೊತ್ತೊಯ್ಯುತ್ತವೆಂದೂ ಸಾರಿದವನು ಆತನು. ೧೯೦೩ರಲ್ಲಿ ನೊಬೆಲ್ ಪಾರಿತೋಷಕವು ಆತನಿಗೆ ಸಂದದ್ದು ಈ ಸಿದ್ಧಾಂತಕ್ಕಾಗಿ. ಆದರೆ ಆತನು ತನ್ನ ಜೀವಮಾನದ ಒಂದು ವರ್ಷವನ್ನು ಪ್ರಯೋಗಶಾಲೆಗೆ ಬಹುದೂರವಾದ ಒಂದು ಪ್ರಶ್ನೆಗೆ ಮೀಸಲಾಗಿಟ್ಟಿದ್ದನು. ಒಂದು ಕಾಲಕ್ಕೆ ಉತ್ತರ ಯೂರೋಪನ್ನು ಹೊದೆದುಕೊಂಡಿದ್ದ ಹಿಮವು ಏಕೆ ಬಂದಿತು, ಏಕೆ ಹೋಯಿತು ಎಂಬುದೇ ಆ ಪ್ರಶ್ನೆ. ಆ ವರ್ಷದ ದುಡಿಮೆಯನ್ನು ಸಮಕಾಲೀನರು ಬಹುಮಟ್ಟಿಗೆ ಮರೆತರು. ಇಂದು ರಸಾಯನಶಾಸ್ತ್ರದ ಹೊರಗೆ ಜಗತ್ತು ಆತನನ್ನು ನೆನೆಯುವುದು ಅದೇ ದುಡಿಮೆಗಾಗಿ. ಭೂಮಿಯು ಕಾಯುವಾಗ ಮತ್ತು ತಣಿಯುವಾಗ ಅದರ ಒಳಗಿನ ಶಕ್ತಿಗಳು ಹೇಗೆ ಒಂದನ್ನೊಂದು ಎಬ್ಬಿಸುತ್ತವೆ ಎಂಬುದನ್ನು ಅಂಕಿಗಳಲ್ಲಿ ಹಿಡಿಯಲು ಹೊರಟ ಮೊದಲಿಗರಲ್ಲಿ ಆತನೊಬ್ಬನು. ಆತನು ಎಷ್ಟು ದೂರ ಕಂಡನು, ಎಲ್ಲಿ ನಿಂತನು ಎಂಬುದನ್ನು ತಿಳಿಯುವುದು ನಮ್ಮ ಕಾಲಕ್ಕೆ ಅವಶ್ಯವಾದುದು.

ಅರ್ಹೀನಿಯಸನು ೧೮೫೯ನೆಯ ಇಸವಿ ಫೆಬ್ರವರಿ ೧೯ರಂದು ಸ್ವೀಡನ್ನಿನ ಉಪ್ಸಾಲ ನಗರಕ್ಕೆ ಸಮೀಪದ ವೀಕ್ ಎಂಬಲ್ಲಿ ಜನಿಸಿದನು. ತಂದೆ ಭೂಮಾಪಕನಾಗಿದ್ದು, ಉಪ್ಸಾಲ ವಿಶ್ವವಿದ್ಯಾನಿಲಯದ ಜಮೀನುಗಳ ಮೇಲ್ವಿಚಾರಣೆಯನ್ನು ನೋಡಿಕೊಳ್ಳುತ್ತಿದ್ದನು. ಮೂರು ವರ್ಷದ ಮಗು ಯಾರೂ ಕಲಿಸದೆಯೇ ಓದಲು ಕಲಿತಿತೆಂದೂ, ತಂದೆಯ ಲೆಕ್ಕದ ಪುಸ್ತಕಗಳಲ್ಲಿ ಅಂಕಿಗಳು ಕೂಡುತ್ತ ಬರುವುದನ್ನು ನೋಡಿನೋಡಿಯೇ ಗಣಿತದಲ್ಲಿ ಗತಿ ಪಡೆಯಿತೆಂದೂ ಆತನ ಜೀವನಚರಿತ್ರೆಗಳು ಹೇಳುತ್ತವೆ. ಅಂಕಿಗಳ ಉದ್ದುದ್ದ ಸಾಲುಗಳಿಗೆ ಬೇಸರಪಡದ ಮನಸ್ಸು ಹೀಗೆ ಎಳವೆಯಲ್ಲಿಯೇ ರೂಪುಗೊಂಡಿತು. ಮುಂದೆ ಅದು ಆತನಿಗೆ ಎಷ್ಟು ಉಪಯೋಗಕ್ಕೆ ಬಂದಿತೆಂಬುದನ್ನು ಕಾಣುವೆವು.

ಉಪ್ಸಾಲದಲ್ಲಿ ಶಾಲೆಯನ್ನೂ ವಿಶ್ವವಿದ್ಯಾನಿಲಯದ ವ್ಯಾಸಂಗವನ್ನೂ ನಡೆಸಿದ ಯುವಕನು, ಅಲ್ಲಿನ ಭೌತಶಾಸ್ತ್ರದ ಬೋಧನೆಯಿಂದ ತೃಪ್ತನಾಗದೆ, ೧೮೮೧ರಲ್ಲಿ ಸ್ಟಾಕ್‌ಹೋಮಿಗೆ ಹೋಗಿ ವಿಜ್ಞಾನ ಅಕಾಡೆಮಿಯ ಎಡ್ಲುಂಡ್ ಎಂಬ ಭೌತವಿಜ್ಞಾನಿಯ ಬಳಿ ಕೆಲಸಕ್ಕೆ ತೊಡಗಿದನು. ದ್ರಾವಣಗಳಲ್ಲಿ ವಿದ್ಯುತ್ತು ಹರಿಯುವ ಬಗೆಯನ್ನು ಪರೀಕ್ಷಿಸಿ ಬರೆದ ಪ್ರಬಂಧವನ್ನು ೧೮೮೪ರಲ್ಲಿ ಉಪ್ಸಾಲಕ್ಕೆ ಒಪ್ಪಿಸಿದನು. ಅಲ್ಲಿನ ಪ್ರಾಧ್ಯಾಪಕರಿಗೆ ಅದು ರುಚಿಸಲಿಲ್ಲ. ಪ್ರಬಂಧವು ತಿರಸ್ಕೃತವಾಗಲಿಲ್ಲವೆಂಬುದೊಂದೇ ಸಮಾಧಾನ; ದೊರೆತ ದರ್ಜೆಯು ಎಷ್ಟು ಕೆಳಗಿನದೆಂದರೆ, ಅದನ್ನು ಹಿಡಿದು ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗುವ ಆಸೆಯನ್ನು ಇಟ್ಟುಕೊಳ್ಳುವಂತಿರಲಿಲ್ಲ. ಅದೇ ಪ್ರಬಂಧದ ಪ್ರತಿಗಳನ್ನು ಆತನು ಹೊರದೇಶದ ವಿದ್ವಾಂಸರಿಗೆ ಕಳುಹಿಸಿದನು. ರೀಗಾ ನಗರದಲ್ಲಿದ್ದ ವಿಲ್ಹೆಲ್ಮ್ ಓಸ್ಟ್‌ವಾಲ್ಡನು ಅದನ್ನು ಓದಿ ಮೆಚ್ಚಿ, ಅದೇ ವರ್ಷ ಉಪ್ಸಾಲಕ್ಕೆ ಬಂದು ಲೇಖಕನನ್ನು ಕಂಡು, ತನ್ನಲ್ಲಿಗೆ ಕೆಲಸಕ್ಕೆ ಕರೆದನು. ಊರಿನವರು ಕಡೆಗಣಿಸಿದ ಯುವಕನಿಗೆ ಹೊರಗಿನವನೊಬ್ಬನ ಈ ಆದರವು ಹೊಸ ಬಾಳನ್ನೇ ಕೊಟ್ಟಂತಾಯಿತು.

೧೮೮೬ರಿಂದ ಕೆಲವು ವರ್ಷ ಆತನು ಯೂರೋಪಿನ ಪ್ರಯೋಗಶಾಲೆಗಳನ್ನು ಸುತ್ತಿದನು. ರೀಗಾದಲ್ಲಿ ಓಸ್ಟ್‌ವಾಲ್ಡ್, ವ್ಯೂರ್ಟ್ಸ್‌ಬರ್ಗಿನಲ್ಲಿ ಕೋಲ್‌ರೌಷ್, ಗ್ರಾಟ್ಸ್‌ನಲ್ಲಿ ಬೋಲ್ಟ್ಸ್‌ಮನ್, ಆಮ್‌ಸ್ಟರ್‌ಡ್ಯಾಮಿನಲ್ಲಿ ವಾಂಟ್ ಹಾಫ್ ಇವರ ಸಹವಾಸ ಆತನಿಗೆ ಲಭಿಸಿತು. ೧೮೮೭ರಲ್ಲಿ ಅಯಾನುಗಳ ಸಿದ್ಧಾಂತವು ಪೂರ್ಣರೂಪದಲ್ಲಿ ಹೊರಬಂದಿತು. ೧೮೮೯ರಲ್ಲಿ ಆತನು ರಾಸಾಯನಿಕ ಕ್ರಿಯೆಗಳ ವೇಗಕ್ಕೂ ಉಷ್ಣತೆಗೂ ಇರುವ ಸಂಬಂಧವನ್ನು ಒಂದು ಸಮೀಕರಣದಲ್ಲಿ ನಿರೂಪಿಸಿದನು. ಕೆಲವೇ ಡಿಗ್ರಿಗಳಷ್ಟು ಶಾಖವು ಏರಿದರೂ ಕ್ರಿಯೆಯ ವೇಗವು ಎಷ್ಟೋ ಪಟ್ಟು ಹೆಚ್ಚಬಹುದೆಂಬುದು ಅದರ ತಾತ್ಪರ್ಯ. ಪ್ರಕೃತಿಯಲ್ಲಿ ಸಮನಾದ ಹೆಜ್ಜೆಗೆ ಸಮನಾದ ಫಲವೇ ಸಿಕ್ಕಬೇಕೆಂಬ ನಿಯಮವಿಲ್ಲವೆಂಬುದನ್ನು ಆತನು ಹೀಗೆ ಪ್ರಯೋಗಶಾಲೆಯಲ್ಲಿಯೇ ಮನಗಂಡಿದ್ದನು.

೧೮೯೧ರಲ್ಲಿ ಸ್ಟಾಕ್‌ಹೋಮಿನ ಹೊಸ ವಿದ್ಯಾಸಂಸ್ಥೆಯಲ್ಲಿ ಆತನಿಗೆ ಅಧ್ಯಾಪಕನ ಹುದ್ದೆ ದೊರೆಯಿತು. ಅಲ್ಲಿ ಭೌತಶಾಸ್ತ್ರ, ಭೂವಿಜ್ಞಾನ, ವಾಯುವಿಜ್ಞಾನಗಳ ವಿದ್ವಾಂಸರು ಒಂದೆಡೆ ಸೇರಿ ಬ್ರಹ್ಮಾಂಡದ ವಿಷಯವನ್ನೆಲ್ಲ ಚರ್ಚಿಸುತ್ತಿದ್ದರು. ಸ್ವೀಡನ್ನಿನ ವಿದ್ವಾಂಸರಿಗೆ ಹಿಮಯುಗವು ದೂರದ ಕಥೆಯಾಗಿರಲಿಲ್ಲ. ಹೊಲಗಳ ನಡುವೆ ಬಿದ್ದಿರುವ ಪರಸ್ಥಳದ ಹೆಬ್ಬಂಡೆಗಳು, ಬರೆ ಎಳೆದಂತೆ ಗೀರುಬಿದ್ದ ಕಲ್ಲುಹಾಸುಗಳು, ಹಿಮದ ಭಾರವು ಇಳಿದಮೇಲೆ ಇಂದಿಗೂ ಮೆಲ್ಲಮೆಲ್ಲನೆ ಮೇಲೇಳುತ್ತಿರುವ ಕಡಲತೀರ, ಇವೆಲ್ಲ ಅದರ ಕುರುಹುಗಳು. ಭೂಮಿಯ ಕಕ್ಷೆಯಲ್ಲಾಗುವ ನಿಧಾನವಾದ ವ್ಯತ್ಯಾಸಗಳೇ ಹಿಮಯುಗಕ್ಕೆ ಕಾರಣವೆಂದು ಸ್ಕಾಟ್ಲೆಂಡಿನ ಜೇಮ್ಸ್ ಕ್ರೋಲ್ ವಾದಿಸಿದ್ದನು. ಅರ್ಹೀನಿಯಸನಿಗೆ ಅದು ಒಪ್ಪಿಗೆಯಾಗಲಿಲ್ಲ. ಆತನ ದೃಷ್ಟಿ ಗಾಳಿಯ ಕಡೆಗೆ ತಿರುಗಿತು.

ವಾಯುಮಂಡಲವು ಸೂರ್ಯನ ಬೆಳಕನ್ನು ಒಳಕ್ಕೆ ಬಿಟ್ಟು, ನೆಲವು ಹೊರಸೂಸುವ ಕಣ್ಣಿಗೆ ಕಾಣದ ಶಾಖಕಿರಣಗಳನ್ನು ತಡೆದಿಡುತ್ತದೆಂಬ ವಿಚಾರವನ್ನು ಫ್ರಾನ್ಸಿನ ಫೂರಿಯೇ ೧೮೨೪ರಲ್ಲಿಯೇ ಮುಂದಿಟ್ಟಿದ್ದನು. ಅರ್ಹೀನಿಯಸನು ಹುಟ್ಟಿದ ೧೮೫೯ರಲ್ಲಿಯೇ ಲಂಡನ್ನಿನಲ್ಲಿ ಜಾನ್ ಟಿಂಡಲನು ಪ್ರಯೋಗಗಳಿಗೆ ತೊಡಗಿ, ಈ ತಡೆಯುವ ಕೆಲಸವನ್ನು ಮಾಡುವುವು ಗಾಳಿಯ ಬಹುಭಾಗವಾದ ಸಾರಜನಕ ಆಮ್ಲಜನಕಗಳಲ್ಲ, ಅದರಲ್ಲಿ ಅತ್ಯಲ್ಪವಾಗಿ ಬೆರೆತಿರುವ ನೀರಾವಿ ಮತ್ತು ಇಂಗಾಲಾಮ್ಲ ವಾಯು ಎಂಬುದನ್ನು ತೋರಿಸಿದನು. ಸ್ಟಾಕ್‌ಹೋಮಿನಲ್ಲಿ ಅರ್ಹೀನಿಯಸನ ಸಹೋದ್ಯೋಗಿಯಾಗಿದ್ದ ಭೂವಿಜ್ಞಾನಿ ಆರ್ವಿಡ್ ಹೋಗ್‌ಬೋಮನು ಇಂಗಾಲಾಮ್ಲದ ಆದಾಯ ವ್ಯಯಗಳನ್ನು ಲೆಕ್ಕ ಹಾಕುತ್ತಿದ್ದನು. ಜ್ವಾಲಾಮುಖಿಗಳು ಅದನ್ನು ಗಾಳಿಗೆ ಕೊಡುತ್ತವೆ. ಸವೆಯುವ ಬಂಡೆಗಳು ಅದನ್ನು ಹೀರಿ ಕಡೆಗೆ ಸುಣ್ಣಕಲ್ಲಾಗಿ ಸಮುದ್ರದ ತಳದಲ್ಲಿ ಹೂಳುತ್ತವೆ. ಈ ಆದಾಯ ವ್ಯಯಗಳು ಎಂದೆಂದಿಗೂ ಸಮನಾಗಿಯೇ ಇರಬೇಕೆಂದಿಲ್ಲ. ಹಾಗಾದರೆ ಈ ವಾಯುವು ಕಡಿಮೆಯಾದ ಕಾಲದಲ್ಲಿ ಹಿಮಯುಗವು ಬಂದಿರಬಹುದಲ್ಲವೆ? ಬಂದಿದ್ದರೆ ಎಷ್ಟು ಕಡಿಮೆಯಾಗಿದ್ದಿರಬೇಕು? ಅರ್ಹೀನಿಯಸನು ಎತ್ತಿಕೊಂಡದ್ದು ಈ ಪ್ರಶ್ನೆಯನ್ನು.

೧೮೯೪ರಲ್ಲಿ ಆತನು ತನ್ನ ಶಿಷ್ಯೆಯಾಗಿದ್ದ ಸೋಫಿಯಾ ರುಡ್‌ಬೆಕ್ ಎಂಬ ವಿದುಷಿಯನ್ನು ವಿವಾಹವಾಗಿದ್ದನು. ೧೮೯೫ರಲ್ಲಿ ಮಗನು ಹುಟ್ಟಿದನು. ಆದರೆ ಆ ದಾಂಪತ್ಯವು ನೆಲೆನಿಲ್ಲದೆ ೧೮೯೬ರಲ್ಲಿ ಮುರಿದುಬಿದ್ದಿತು. ಸಂಸಾರವು ಹೀಗೆ ಶಿಥಿಲವಾಗುತ್ತಿದ್ದ ದಿನಗಳಲ್ಲಿಯೇ, ೧೮೯೪ರ ಕ್ರಿಸ್ಮಸ್ ಹಬ್ಬದ ಹೊತ್ತಿಗೆ, ಆತನು ಲೆಕ್ಕಕ್ಕೆ ಕುಳಿತನು. ಯಂತ್ರಗಳ ನೆರವಿಲ್ಲದ ಕಾಲ. ಕಾಗದ ಲೇಖನಿಗಳೇ ಸಾಧನ. ಸರಿಸುಮಾರು ಒಂದು ವರ್ಷ ಆತನು ಹತ್ತಾರು ಸಾವಿರ ಲೆಕ್ಕಗಳನ್ನು ಕೈಯಿಂದಲೇ ಮಾಡಿದನೆಂದು ಅಂದಾಜು.

ಗಾಳಿಯು ಎಷ್ಟು ಶಾಖವನ್ನು ತಡೆಯುತ್ತದೆಂಬ ಮೂಲದ ಅಂಕಿಗಳನ್ನು ಆತನು ಪಡೆದದ್ದು ಚಂದ್ರನಿಂದ ಎಂಬುದು ಸ್ವಾರಸ್ಯವಾದ ಸಂಗತಿ. ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿಯು ಹುಣ್ಣಿಮೆಯ ಚಂದ್ರನಿಂದ ಬರುವ ಶಾಖವನ್ನು ಅಳೆದು ಪ್ರಕಟಿಸಿದ್ದನು. ಚಂದ್ರನು ನೆತ್ತಿಯ ಮೇಲಿರುವಾಗ ಅವನ ಕಿರಣಗಳು ಕಡಿಮೆ ಗಾಳಿಯನ್ನು ಹಾಯ್ದು ಬರುತ್ತವೆ. ದಿಗಂತದ ಬಳಿ ಇರುವಾಗ ಹೆಚ್ಚು ಗಾಳಿಯನ್ನು ಹಾಯ್ದು ಬರುತ್ತವೆ. ಈ ಎರಡರ ವ್ಯತ್ಯಾಸದಿಂದ, ಗಾಳಿಯಲ್ಲಿರುವ ನೀರಾವಿಯೂ ಇಂಗಾಲಾಮ್ಲವೂ ಎಷ್ಟೆಷ್ಟು ಶಾಖವನ್ನು ಹೀರುತ್ತವೆಂಬುದನ್ನು ಅರ್ಹೀನಿಯಸನು ಬಿಡಿಸಿ ತೆಗೆದನು. ಬಳಿಕ ಭೂಗೋಳವನ್ನು ಹತ್ತು ಹತ್ತು ಡಿಗ್ರಿ ಅಕ್ಷಾಂಶದ ಪಟ್ಟಿಗಳಾಗಿ ವಿಭಾಗಿಸಿ, ಒಂದೊಂದು ಪಟ್ಟಿಗೂ ನಾಲ್ಕು ಋತುಗಳಿಗೂ ಬೇರೆ ಬೇರೆಯಾಗಿ ಶಾಖದ ಜಮಾಖರ್ಚನ್ನು ಬರೆದನು. ಇಂಗಾಲಾಮ್ಲವು ಅಂದಿನ ಪ್ರಮಾಣದ ಮೂರನೆಯ ಎರಡು ಪಾಲಿಗೆ ಇಳಿದರೆ ಏನಾಗುವುದು, ಒಂದೂವರೆ ಪಟ್ಟು, ಎರಡು ಪಟ್ಟು, ಎರಡೂವರೆ ಪಟ್ಟು, ಮೂರು ಪಟ್ಟು ಏರಿದರೆ ಏನಾಗುವುದು ಎಂದು ಐದು ಬಗೆಯಾಗಿ ಪರೀಕ್ಷಿಸಿದನು.

ಇಲ್ಲಿಯೇ ಆತನ ಮುಖ್ಯವಾದ ಕಾಣ್ಕೆ ಇರುವುದು. ಇಂಗಾಲಾಮ್ಲವು ಹೆಚ್ಚಿ ನೆಲವು ಸ್ವಲ್ಪ ಕಾದರೆ ಸಂಗತಿಯು ಅಲ್ಲಿಗೆ ನಿಲ್ಲುವುದಿಲ್ಲ. ಬೆಚ್ಚಗಾದ ಗಾಳಿಯು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳುತ್ತದೆ. ಆ ನೀರಾವಿಯೂ ಶಾಖವನ್ನು ತಡೆಯತಕ್ಕದ್ದೇ ಆದುದರಿಂದ ನೆಲವು ಇನ್ನಷ್ಟು ಕಾಯುತ್ತದೆ. ಆದುದರಿಂದ ಆತನು ಒಂದು ಸಲ ಲೆಕ್ಕ ಹಾಕಿ ಬಂದ ಉಷ್ಣತೆಗೆ ತಕ್ಕ ನೀರಾವಿಯನ್ನು ಕಂಡುಹಿಡಿದು, ಗಾಳಿಯ ತೇವದ ಸಾಪೇಕ್ಷ ಪ್ರಮಾಣವು ಬದಲಾಗದೆಂದು ಭಾವಿಸಿ, ಮತ್ತೆ ಮೊದಲಿನಿಂದ ಲೆಕ್ಕ ಹಾಕಿದನು. ಸಾಲದ ಬಡ್ಡಿಯು ಅಸಲಿಗೆ ಸೇರಿ ಅದೂ ಬಡ್ಡಿಯನ್ನು ಹೆರುವಂತೆ, ಇಲ್ಲಿ ಪರಿಣಾಮವು ಹಿಂದಿರುಗಿ ಬಂದು ತಾನೇ ಕಾರಣವಾಗುತ್ತದೆ. ಚಕ್ರಬಡ್ಡಿಗೂ ಇದಕ್ಕೂ ಒಂದು ಭೇದವುಂಟು: ಇಲ್ಲಿ ಪ್ರತಿ ಸುತ್ತಿನ ಸೇರ್ಪಡೆಯು ಹಿಂದಿನದಕ್ಕಿಂತ ಚಿಕ್ಕದಾಗುತ್ತ ಹೋಗುವವರೆಗೆ ಒಟ್ಟು ಮೊತ್ತವು ಒಂದು ಕಡೆ ನಿಲ್ಲುತ್ತದೆ. ಈ ಕ್ರಮವನ್ನು ಮರುಪರಿಣಾಮವೆಂದು ಕರೆಯೋಣ. ಎರಡನೆಯ ಮರುಪರಿಣಾಮವು ಹಿಮದ್ದು. ಹೊಸದಾಗಿ ಬಿದ್ದ ಹಿಮವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹತ್ತರಲ್ಲಿ ಎಂಟು ಪಾಲನ್ನು ಆಕಾಶಕ್ಕೆ ಹಿಂದಿರುಗಿಸುತ್ತದೆ. ತೆರೆದ ಕಡಲು ಹಿಂದಿರುಗಿಸುವುದು ಹತ್ತರಲ್ಲಿ ಒಂದು ಪಾಲಿಗೂ ಕಡಿಮೆ. ಆದಕಾರಣ ಹಿಮವು ಕರಗಿದ ಕಡೆ ಶಾಖವು ಮತ್ತಷ್ಟು ಸಂಗ್ರಹವಾಗುತ್ತದೆ. ಹಿಮವು ಹಬ್ಬಿದ ಕಡೆ ಚಳಿಯು ಮತ್ತಷ್ಟು ಹೆಚ್ಚುತ್ತದೆ. ಇದು ಶಾಖದ ಬದಲಾವಣೆಯನ್ನು ಧ್ರುವಗಳ ಕಡೆಗೆ ಎಳೆದು ಅಲ್ಲಿ ತೀವ್ರಗೊಳಿಸುವುದೆಂದು ಅರ್ಹೀನಿಯಸನು ಗುರುತಿಸಿದನು.

ಲೇಖನವು ೧೮೯೫ರ ಡಿಸೆಂಬರಿನಲ್ಲಿ ಸ್ವೀಡನ್ನಿನ ವಿಜ್ಞಾನ ಅಕಾಡೆಮಿಯ ಮುಂದೆ ಬಂದು, ೧೮೯೬ರ ಏಪ್ರಿಲಿನಲ್ಲಿ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಝೀನ್ ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಇಂಗಾಲಾಮ್ಲವು ಎರಡು ಪಟ್ಟಾದರೆ ಉಷ್ಣತೆಯು ೫ರಿಂದ ೬ ಡಿಗ್ರಿ ಸೆಂಟಿಗ್ರೇಡಿನಷ್ಟು ಏರುವುದೆಂದೂ, ಯೂರೋಪಿನ ಮಧ್ಯ ಅಕ್ಷಾಂಶಗಳಲ್ಲಿ ಹಿಮಯುಗಕ್ಕೆ ಬೇಕಾದ ೪ರಿಂದ ೫ ಡಿಗ್ರಿಯ ಇಳಿತಕ್ಕೆ ಈ ವಾಯುವು ನೂರಕ್ಕೆ ೫೫ರಿಂದ ೬೨ರ ಪ್ರಮಾಣಕ್ಕೆ ಕುಗ್ಗಬೇಕೆಂದೂ ಅದು ತಿಳಿಸಿತು. ವಾಯುವು ಗುಣೋತ್ತರ ಶ್ರೇಢಿಯಲ್ಲಿ ಹೆಚ್ಚಿದರೆ ಉಷ್ಣತೆಯು ಸುಮಾರಾಗಿ ಸಮಾಂತರ ಶ್ರೇಢಿಯಲ್ಲಿ ಹೆಚ್ಚುತ್ತದೆಂಬ ನಿಯಮವೂ ಅಲ್ಲಿಂದಲೇ ಬಂದಿತು. ಪ್ರತಿಯೊಂದು ಇಮ್ಮಡಿಗೂ ಒಂದೇ ಅಳತೆಯ ಹೆಜ್ಜೆ ಎಂಬ ಈ ಸರಳ ನಿಯಮವು ಪ್ರಸಿದ್ಧವಾಯಿತು. ಆದರೆ ಆತನ ಕೋಷ್ಟಕಗಳಲ್ಲಿಯೇ ಇನ್ನೊಂದು ಸೂಕ್ಷ್ಮವಾದ ಸಂಗತಿಯು ಅಡಗಿದ್ದಿತು. ವಾಯುವು ಮೂರನೆಯ ಎರಡು ಪಾಲಿಗೆ ಇಳಿದಾಗ ಅತಿಹೆಚ್ಚಿನ ಪರಿಣಾಮವು ಕಾಣುವುದು ೪೦ನೆಯ ಅಕ್ಷಾಂಶದ ಬಳಿ. ಒಂದೂವರೆ ಪಟ್ಟಾದಾಗ ಅದು ೫೦ನೆಯ ಅಕ್ಷಾಂಶಕ್ಕೆ ಸರಿಯುತ್ತದೆ. ಎರಡು ಪಟ್ಟಾದಾಗ ೬೦ಕ್ಕೆ. ಇನ್ನೂ ಹೆಚ್ಚಾದರೆ ೭೦ರ ಆಚೆಗೆ. ಎಂದರೆ, ಭೂಮಿಯು ತಣ್ಣಗಿರುವಾಗ ಮತ್ತು ಬೆಚ್ಚಗಿರುವಾಗ ಒಂದೇ ಕಾರಣಕ್ಕೆ ಅದು ಒಂದೇ ರೀತಿಯಲ್ಲಿ ಓಗೊಡುವುದಿಲ್ಲ.

ಇದರ ಹಿಂದಿರುವ ತತ್ತ್ವವನ್ನು ಇಂದು ನಾವು ಹೆಚ್ಚು ಸ್ಪಷ್ಟವಾಗಿ ಬಲ್ಲೆವು. ಭೂಮಿಯ ಬಳಿ ಎರಡು ಪ್ರಬಲವಾದ ಮರುಪರಿಣಾಮಗಳುಂಟು. ಅವುಗಳ ಬಲವು ಎಲ್ಲ ಕಾಲದಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಭೂಮಿಯು ತಣಿಯುತ್ತ ಹೋದಂತೆ ಹಿಮದ ಅಂಚು ಧ್ರುವವನ್ನು ಬಿಟ್ಟು ಸಮಭಾಜಕದ ಕಡೆಗೆ ಇಳಿಯುತ್ತದೆ. ಅಲ್ಲಿ ಬಿಸಿಲೂ ತೀಕ್ಷ್ಣ, ನೆಲದ ಸುತ್ತಳತೆಯೂ ದೊಡ್ಡದು. ಆದಕಾರಣ ಹಿಮವು ಒಂದು ಹೆಜ್ಜೆ ಮುಂದಿಟ್ಟರೆ ಕಳೆದುಹೋಗುವ ಶಾಖವು ಮೊದಲಿಗಿಂತ ಹೆಚ್ಚು. ಭೂಮಿಯು ಕಾಯುತ್ತ ಹೋದಂತೆ ಹಿಮವು ಬಿಸಿಲು ಕಡಿಮೆಯಾದ ಧ್ರುವದ ಮೂಲೆಗೆ ಸೇರುತ್ತದೆ. ಪೂರ್ತಿಯಾಗಿ ಕರಗಿಹೋದ ಮೇಲೆ ಅದರ ಮರುಪರಿಣಾಮವೂ ಮುಗಿಯಿತು. ನೀರಾವಿಯ ಕಥೆಯು ಇದಕ್ಕೆ ವಿಲೋಮವಾದುದು. ಇಂದಿನ ಉಷ್ಣತೆಯಲ್ಲಿ ಶಾಖವು ಒಂದು ಡಿಗ್ರಿ ಏರಿದರೆ ಗಾಳಿಯು ಹಿಡಿಯಬಲ್ಲ ನೀರಾವಿಯು ನೂರಕ್ಕೆ ಸುಮಾರು ೭ರಷ್ಟು ಹೆಚ್ಚುತ್ತದೆ. ಚಳಿಯ ಗಾಳಿಯಲ್ಲಿ ಮೂಲಧನವೇ ಅಲ್ಪವಾದುದರಿಂದ ಸೇರುವುದೂ ಅಲ್ಪ; ಬಿಸಿಯ ಗಾಳಿಯಲ್ಲಿ ಅದೇ ದರಕ್ಕೆ ಬಹಳ ಸೇರುತ್ತದೆ. ಭೂಮಿಯು ಇನ್ನೂ ಬಿಸಿಯಾದರೆ, ಶಾಖವು ಅಂತರಿಕ್ಷಕ್ಕೆ ತಪ್ಪಿಸಿಕೊಂಡು ಹೋಗಲು ಉಳಿದಿರುವ ಕಿಂಡಿಗಳನ್ನೂ ನೀರಾವಿಯು ಮುಚ್ಚತೊಡಗುತ್ತದೆ. ಈ ಎರಡನ್ನೂ ಹಿಡಿದು ನಿಲ್ಲಿಸುವ ಲಗಾಮು ಒಂದೇ: ಕಾದ ವಸ್ತುವು ಹೆಚ್ಚು ಶಾಖವನ್ನು ಹೊರಸೂಸುತ್ತದೆಂಬ ನಿಯಮ. ಆ ನಿಯಮವನ್ನು ಸ್ಟೆಫಾನ್ ಕಂಡುಹಿಡಿದನು. ಗ್ರಾಟ್ಸ್‌ನಲ್ಲಿ ಅರ್ಹೀನಿಯಸನಿಗೆ ಗುರುವಾಗಿದ್ದ ಬೋಲ್ಟ್ಸ್‌ಮನ್ನನು ಸಿದ್ಧಪಡಿಸಿದನು. ಅರ್ಹೀನಿಯಸನು ತನ್ನ ಲೆಕ್ಕದಲ್ಲಿ ಬಳಸಿದನು. ಮೋಡಗಳು ಬದಲಾಗುವುವೆಂಬುದನ್ನು ಮಾತ್ರ ಆತನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಗಂಟನ್ನು ಇಂದಿನ ದೊಡ್ಡ ಗಣಕಯಂತ್ರಗಳೂ ಪೂರ್ಣವಾಗಿ ಬಿಡಿಸಿಲ್ಲ.

ಲೇಖನವು ಪ್ರಕಟವಾದ ೧೮೯೬ರ ಬೇಸಗೆಯಲ್ಲಿ ಅರ್ಹೀನಿಯಸನಿಗೆ ಹಿಮದ ನಾಡನ್ನು ಕಣ್ಣಾರೆ ಕಾಣುವ ಅವಕಾಶ ದೊರೆಯಿತು. ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹಾರಬೇಕೆಂದು ಹೊರಟ ಆಂದ್ರೆಯ ತಂಡದೊಡನೆ ಆತನು ಕಡಲಿನ ಪರೀಕ್ಷಕನಾಗಿ ಸ್ಪಿಟ್ಸ್‌ಬರ್ಗನ್ನಿಗೆ ಹೋದನು. ಆ ವರ್ಷ ಗಾಳಿಯು ಅನುಕೂಲಿಸದೆ ಬಲೂನು ಹಾರಲಿಲ್ಲ. ಮರುವರ್ಷ ಹಾರಿದ ಆಂದ್ರೆಯೂ ಅವನ ಇಬ್ಬರು ಸಂಗಡಿಗರೂ ಹಿಂದಿರುಗಲಿಲ್ಲ. ಅರ್ಹೀನಿಯಸನು ಕಂಡ ಆ ದ್ವೀಪಸ್ತೋಮವು ಇಂದು ಭೂಮಿಯ ಮೇಲೆ ಅತಿ ಶೀಘ್ರವಾಗಿ ಕಾಯುತ್ತಿರುವ ಸ್ಥಳಗಳಲ್ಲಿ ಒಂದು. ಹಿಮವು ಸರಿದಲ್ಲಿ ಶಾಖವು ಹೆಚ್ಚುವುದೆಂಬ ಆತನ ಮಾತಿಗೆ ಅದು ಸಾಕ್ಷಿಯಾಗಿ ನಿಂತಿದೆ.

ವಿದ್ವತ್ಪ್ರಪಂಚವು ಈ ಲೆಕ್ಕವನ್ನು ಆದರದಿಂದ ಸ್ವೀಕರಿಸಲಿಲ್ಲ. ೧೯೦೦ರಲ್ಲಿ ಉಪ್ಸಾಲದ ಕ್ನುಟ್ ಆಂಗ್‌ಸ್ಟ್ರೋಮನು, ಗಾಳಿಯಲ್ಲಿ ಈಗಿರುವ ಇಂಗಾಲಾಮ್ಲವೇ ತಾನು ಹೀರಬಲ್ಲ ಕಿರಣಗಳನ್ನೆಲ್ಲ ಹೀರಿಬಿಟ್ಟಿದೆ, ಹೆಚ್ಚಾಗಿ ಸೇರಿದರೆ ವಿಶೇಷವೇನೂ ಆಗದು ಎಂದು ಆಕ್ಷೇಪಿಸಿದನು. ಮೇಲಿನ ವಿರಳವಾದ, ಶೀತಲವಾದ ಗಾಳಿಯ ಪದರಗಳಿಂದಲೇ ಶಾಖವು ಕೊನೆಗೆ ಅಂತರಿಕ್ಷವನ್ನು ಸೇರುವುದು. ಅಲ್ಲಿ ಇಂಗಾಲಾಮ್ಲವು ಹೆಚ್ಚಿದರೆ ಶಾಖದ ನಿರ್ಗಮನಕ್ಕೆ ಅಡ್ಡಿ ಹೆಚ್ಚುವುದು. ಈ ಸಮಾಧಾನವು ಸರ್ವಸಮ್ಮತವಾಗಲು ಅರ್ಧ ಶತಮಾನವೇ ಬೇಕಾಯಿತು. ಅರ್ಹೀನಿಯಸನ ಮೂಲದ ಅಂಕಿಗಳೂ ನಿರ್ದುಷ್ಟವಾಗಿರಲಿಲ್ಲ. ಇಂಗಾಲಾಮ್ಲವು ಬಹು ಪ್ರಬಲವಾಗಿ ಹೀರುವ ಕಿರಣಗಳ ಭಾಗವು ಲ್ಯಾಂಗ್ಲಿಯ ಅಳತೆಗಳಿಗೆ ಸರಿಯಾಗಿ ಸಿಕ್ಕಿರಲಿಲ್ಲ. ಆದುದರಿಂದ ಆತನ ೫-೬ ಡಿಗ್ರಿಯು ಮಿತಿಮೀರಿದ ಅಂದಾಜು. ೨೦೨೧ರ ಅಂತರರಾಷ್ಟ್ರೀಯ ವರದಿಯು ಇಮ್ಮಡಿಗೆ ೩ ಡಿಗ್ರಿಯೆಂದೂ, ೨.೫ರಿಂದ ೪ರ ಒಳಗೆ ಇರುವುದು ಸಂಭವವೆಂದೂ ಹೇಳಿದೆ.

ಇತ್ತ ಅರ್ಹೀನಿಯಸನ ಕೀರ್ತಿಯು ರಸಾಯನಶಾಸ್ತ್ರದಲ್ಲಿ ಬೆಳೆಯುತ್ತಲೇ ಹೋಯಿತು. ೧೮೯೫ರಲ್ಲಿ ಪ್ರಾಧ್ಯಾಪಕನಾದನು, ಬಳಿಕ ಕೆಲವು ವರ್ಷ ವಿದ್ಯಾಸಂಸ್ಥೆಯ ಮುಖ್ಯಸ್ಥನೂ ಆದನು. ಕೆಳದರ್ಜೆಯ ಪ್ರಬಂಧದಲ್ಲಿ ಮೊಳೆತ ವಿಚಾರಕ್ಕೇ ೧೯೦೩ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಆ ಗೌರವವನ್ನು ಪಡೆದ ಮೊದಲನೆಯ ಸ್ವೀಡಿಷನು ಆತನೇ. ೧೯೦೫ರಲ್ಲಿ ಬರ್ಲಿನ್ನಿನ ಆಹ್ವಾನವನ್ನು ನಿರಾಕರಿಸಿ, ತನಗಾಗಿಯೇ ಏರ್ಪಟ್ಟ ಭೌತರಸಾಯನದ ನೊಬೆಲ್ ಸಂಸ್ಥೆಯ ನಿರ್ದೇಶಕನಾದನು. ಅದೇ ವರ್ಷ ಮಾರಿಯಾ ಯೋಹಾನ್ಸನ್ ಎಂಬಾಕೆಯನ್ನು ಎರಡನೆಯ ಮದುವೆಯಾದನು. ಈ ಸಂಸಾರವು ನೆಮ್ಮದಿಯಾಗಿ ನಡೆಯಿತು.

ಯಶಸ್ಸು ಆತನ ಗುಣಗಳೊಡನೆ ದೋಷಗಳನ್ನೂ ಬೆಳೆಸಿತು. ಯೌವನದಲ್ಲಿ ಹಿರಿಯರ ಅನಾದರವನ್ನು ಉಂಡವನು, ತಾನು ಹಿರಿಯನಾದಾಗ ಅದನ್ನು ಮರೆತನು. ಅಯಾನು ಸಿದ್ಧಾಂತವನ್ನು ಟೀಕಿಸಿದ್ದ ರಷ್ಯದ ಮೆಂಡಲೀವನಿಗೆ ನೊಬೆಲ್ ಪಾರಿತೋಷಕವು ಸಲ್ಲದಂತೆ ಆತನು ತನ್ನ ಪ್ರಭಾವವನ್ನು ಬಳಸಿದನೆಂದು ವಿಜ್ಞಾನದ ಇತಿಹಾಸಕಾರರು ಹೇಳುತ್ತಾರೆ. ಮನುಷ್ಯಕುಲವನ್ನು ಆಯ್ದು ಶುದ್ಧಿಗೊಳಿಸುವೆವೆಂದು ಹೊರಟ, ಸ್ವೀಡನ್ನಿನ ಜನಾಂಗ ನೈರ್ಮಲ್ಯ ಸಂಘದಲ್ಲಿಯೂ ಆತನಿಗೆ ಸ್ಥಾನವಿದ್ದಿತು. ಲೆಕ್ಕದಲ್ಲಿ ಎಚ್ಚರವಿರುವವನು ಎಲ್ಲದರಲ್ಲಿಯೂ ಎಚ್ಚರದಿಂದಿರುವನೆಂದು ನಂಬುವಂತಿಲ್ಲ.

ಕಲ್ಲಿದ್ದಲಿನ ವಿಷಯದಲ್ಲಿ ಆತನ ನಿಲುವನ್ನು ನೋಡಿದರೂ ಇದು ತಿಳಿಯುತ್ತದೆ. ೧೮೯೬ರ ಸುಮಾರಿಗೆ ಜಗತ್ತು ವರ್ಷಕ್ಕೆ ಸುಮಾರು ೫೦ ಕೋಟಿ ಟನ್ನು ಕಲ್ಲಿದ್ದಲನ್ನು ಸುಡುತ್ತಿದ್ದಿತು. ಇದರಿಂದ ಗಾಳಿಯ ಇಂಗಾಲಾಮ್ಲವು ಗಮನಾರ್ಹವಾಗಿ ಹೆಚ್ಚಲು ಸಾವಿರಾರು ವರ್ಷಗಳು ಬೇಕೆಂದು ಆತನು ಮೊದಲು ಭಾವಿಸಿದನು. ೧೯೦೬ರಲ್ಲಿ ಲೋಕಗಳ ಹುಟ್ಟನ್ನು ಕುರಿತು ಜನಸಾಮಾನ್ಯರಿಗಾಗಿ ಗ್ರಂಥವನ್ನು ಬರೆಯುವ ವೇಳೆಗೆ ಕಲ್ಲಿದ್ದಲಿನ ಉಪಯೋಗವು ೯೦ ಕೋಟಿ ಟನ್ನಿನ ಬಳಿಗೆ ಬಂದಿದ್ದಿತು. ಆತನ ಅವಧಿಯೂ ಸಾವಿರಾರು ವರ್ಷಗಳಿಂದ ಕೆಲವು ಶತಮಾನಗಳಿಗೆ ಇಳಿದಿದ್ದಿತು. ಆದರೂ ಆತನು ಭಯಪಡಲಿಲ್ಲ. ಚಳಿಯ ದೇಶದಲ್ಲಿ ಹುಟ್ಟಿ ಹಿಮಯುಗವು ಮರಳುವುದೆಂದು ಅಂಜುತ್ತಿದ್ದವನಿಗೆ, ಕಾವೇರಿದ ಭೂಮಿಯು ಸೌಮ್ಯವಾದ ಹವೆಯನ್ನೂ ಸಮೃದ್ಧವಾದ ಬೆಳೆಯನ್ನೂ ಕೊಡುವ ವರವಾಗಿ ಕಂಡಿತು. ಇಂದು ಜಗತ್ತು ವರ್ಷಕ್ಕೆ ೮೦೦ ಕೋಟಿ ಟನ್ನಿಗೂ ಮಿಗಿಲಾಗಿ ಕಲ್ಲಿದ್ದಲನ್ನು ಸುಡುತ್ತಿದೆ. ಎಣ್ಣೆ ಮತ್ತು ಅನಿಲಗಳು ಬೇರೆ. ಕೈಗಾರಿಕೆಗಳಿಗೆ ಮೊದಲು ಹತ್ತು ಲಕ್ಷ ಪಾಲು ಗಾಳಿಯಲ್ಲಿ ೨೮೦ ಪಾಲಿದ್ದ ಇಂಗಾಲಾಮ್ಲವು ೨೦೨೩ರಲ್ಲಿ ೪೨೦ನ್ನು ದಾಟಿತು. ಒಂದೂವರೆ ಪಟ್ಟೆಂಬ ಆತನ ಕೋಷ್ಟಕದ ಎರಡನೆಯ ಸಾಲಿಗೆ ನಾವು ಕೈಗಾರಿಕಾಪೂರ್ವದ ಅಳತೆಯಿಂದ ಆಗಲೇ ಬಂದು ಮುಟ್ಟಿದ್ದೇವೆ.

೧೯೨೭ರ ಅಕ್ಟೋಬರ್ ೨ರಂದು ಅರ್ಹೀನಿಯಸನು ಸ್ಟಾಕ್‌ಹೋಮಿನಲ್ಲಿ ಕಾಲವಾದನು. ಆತನನ್ನು ಸಮಾಧಿ ಮಾಡಿದ್ದು ಉಪ್ಸಾಲದಲ್ಲಿ. ಆತನ ಲೆಕ್ಕವು ಮತ್ತೆ ಜೀವ ಪಡೆದದ್ದು ಮರಣಾನಂತರ. ೧೯೩೮ರಲ್ಲಿ ಇಂಗ್ಲೆಂಡಿನ ಕ್ಯಾಲೆಂಡರ್ ಎಂಬ ಎಂಜಿನಿಯರನು ಭೂಮಿಯು ಕಾಯುತ್ತಿರುವುದಕ್ಕೂ ಕಲ್ಲಿದ್ದಲಿಗೂ ಸಂಬಂಧವನ್ನು ಕಲ್ಪಿಸಿದನು. ೧೯೫೮ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಕೀಲಿಂಗನು ಇಂಗಾಲಾಮ್ಲವನ್ನು ಎಡೆಬಿಡದೆ ಅಳೆಯತೊಡಗಿದನು. ೧೯೬೭ರಲ್ಲಿ ಮನಾಬೆ ಮತ್ತು ವೆದರಾಲ್ಡರು ತೇವದ ಸಾಪೇಕ್ಷ ಪ್ರಮಾಣವು ಬದಲಾಗದೆಂಬ ಅರ್ಹೀನಿಯಸನ ಭಾವನೆಯನ್ನೇ ಹಿಡಿದು ಯಂತ್ರದ ಮೂಲಕ ಲೆಕ್ಕ ಹಾಕಿದಾಗ ಇಮ್ಮಡಿಗೆ ಸುಮಾರು ೨.೪ ಡಿಗ್ರಿ ಬಂದಿತು.

ಆತನು ಕೇಳಿದ ಮೂಲಪ್ರಶ್ನೆಗೆ ಉತ್ತರವು ಅಂಟಾರ್ಕ್‌ಟಿಕದ ಹಿಮದಲ್ಲಿ ಸಿಕ್ಕಿತು. ಹಿಮದೊಳಗೆ ಸಿಕ್ಕಿಬಿದ್ದ ಪುರಾತನ ಗಾಳಿಯ ಗುಳ್ಳೆಗಳನ್ನು ೧೯೮೦ರ ಸುಮಾರಿನಿಂದ ಪರೀಕ್ಷಿಸಿದ ವಿಜ್ಞಾನಿಗಳು, ಸುಮಾರು ೨೧,೦೦೦ ವರ್ಷಗಳ ಹಿಂದೆ ಹಿಮಯುಗವು ಪರಾಕಾಷ್ಠೆಯಲ್ಲಿದ್ದಾಗ ಇಂಗಾಲಾಮ್ಲವು ೧೯೦ ಪಾಲಿನ ಆಸುಪಾಸಿನಲ್ಲಿತ್ತೆಂದು ಕಂಡರು. ೨೮೦ಕ್ಕೆ ಹೋಲಿಸಿದರೆ ಇದು ಸರಿಸುಮಾರು ಮೂರನೆಯ ಎರಡು ಪಾಲು. ಅರ್ಹೀನಿಯಸನು ಪರೀಕ್ಷೆಗಾಗಿ ಆರಿಸಿಕೊಂಡ ಪ್ರಮಾಣವೇ. ಆ ಪ್ರಮಾಣಕ್ಕೆ ಆತನ ಕೋಷ್ಟಕವು ಸುಮಾರು ೩ ಡಿಗ್ರಿಯ ಇಳಿತವನ್ನು ಕೊಟ್ಟಿದ್ದಿತು. ಭೂಮಿಯು ನಿಜವಾಗಿ ತಣಿದದ್ದು ೫ರಿಂದ ೭ ಡಿಗ್ರಿ. ಉಳಿದದ್ದರ ಬಹುಭಾಗವು ಉತ್ತರ ಅಮೆರಿಕವನ್ನೂ ಯೂರೋಪನ್ನೂ ಮುಚ್ಚಿದ ಹಿಮದ ರಾಶಿಯ ಕೆಲಸ. ಇನ್ನೂ ವಿಸ್ಮಯದ ಸಂಗತಿಯೊಂದುಂಟು. ಹಿಮಯುಗಕ್ಕೆ ಚಾಲನೆ ಕೊಟ್ಟದ್ದು ಇಂಗಾಲಾಮ್ಲವಲ್ಲ. ಅರ್ಹೀನಿಯಸನು ಒಪ್ಪದಿದ್ದ ಕಕ್ಷೆಯ ವ್ಯತ್ಯಾಸವೇ. ಅದರಿಂದ ಭೂಮಿಯು ಸ್ವಲ್ಪ ತಣಿದಾಗ ಕಡಲು ಇಂಗಾಲಾಮ್ಲವನ್ನು ಒಳಗೆಳೆದುಕೊಂಡಿತು. ಗಾಳಿಯಲ್ಲಿ ಅದು ಕಡಿಮೆಯಾಗಿ ಚಳಿಯು ಬಲಿಯಿತು. ಆತನು ಯಜಮಾನನೆಂದು ತಿಳಿದಿದ್ದ ವಾಯುವು ಅಲ್ಲಿ ಆಳಾಗಿಯೂ ದುಡಿದಿದ್ದಿತು. ಇಂದು ನಾವು ಅದನ್ನು ನೇರವಾಗಿ ಗಾಳಿಗೆ ಸುರಿಯುತ್ತಿರುವುದರಿಂದ ಅದೇ ಯಜಮಾನನ ಸ್ಥಾನದಲ್ಲಿ ನಿಂತಿದೆ. ಕಾರಣ ಯಾವುದು, ಮರುಪರಿಣಾಮ ಯಾವುದು ಎಂಬುದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ.

ಮರುಪರಿಣಾಮಗಳ ಬಲವು ಎಷ್ಟು ದೂರ ಹೋಗಬಹುದೆಂಬುದೂ ಆತನ ನಂತರದವರಿಗೆ ತಿಳಿಯಿತು. ೧೯೬೯ರಲ್ಲಿ ಲೆನಿನ್‌ಗ್ರಾಡಿನ ಬುಡಿಕೊ ಮತ್ತು ಅಮೆರಿಕದ ಸೆಲ್ಲರ್ಸ್ ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಹಿಮದ ಅಂಚು ಒಂದು ಎಲ್ಲೆಯನ್ನು ದಾಟಿ ಕೆಳಗಿಳಿದರೆ ಮತ್ತೆ ನಿಲ್ಲದೆ ಸಮಭಾಜಕವನ್ನೇ ಸೇರುವುದೆಂದು ತೋರಿಸಿದರು. ಸುಮಾರು ೭೨ ಕೋಟಿಯಿಂದ ೬೩.೫ ಕೋಟಿ ವರ್ಷಗಳ ಹಿಂದಿನ ಅವಧಿಯಲ್ಲಿ ಎರಡು ಸಲ ಭೂಮಿಯು ಹೀಗೆ ಬಹುಮಟ್ಟಿಗೆ ಹಿಮದ ಗೋಳವಾಗಿದ್ದಿತೆಂದು ಬಂಡೆಗಳ ಸಾಕ್ಷ್ಯವು ಸೂಚಿಸುತ್ತದೆ. ಅದರಿಂದ ಬಿಡಿಸಿದ್ದು ಹೋಗ್‌ಬೋಮನ ಜಮಾಖರ್ಚೇ ಎಂದು ಊಹೆ. ಹಿಮದಡಿಯಲ್ಲಿ ಬಂಡೆಗಳು ಸವೆಯುವುದು ನಿಂತಿತು, ಜ್ವಾಲಾಮುಖಿಗಳು ಉಗುಳುವುದು ನಿಲ್ಲಲಿಲ್ಲ. ಲಕ್ಷಾಂತರ ವರ್ಷ ಕೂಡಿಬಂದ ಇಂಗಾಲಾಮ್ಲವು ಹಿಮವನ್ನು ಕರಗಿಸಿತು. ಇನ್ನೊಂದು ತುದಿಯ ನಿದರ್ಶನವು ಶುಕ್ರಗ್ರಹ. ಮೋಡದ ಮರೆಯಲ್ಲಿರುವ ಆ ಗ್ರಹವು ತೇವವಾದ ಕಾಡುಜೌಗುಗಳಿಂದ ತುಂಬಿದೆಯೆಂದು ಅರ್ಹೀನಿಯಸನು ಊಹಿಸಿದ್ದನು. ಅಲ್ಲಿಗೆ ಹೋದ ಯಂತ್ರನೌಕೆಗಳು ಕಂಡದ್ದು ಸುಮಾರು ೪೬೫ ಡಿಗ್ರಿಯ ಕುಲುಮೆ. ಹಿಂದೊಮ್ಮೆ ಅಲ್ಲಿದ್ದ ನೀರು ಆವಿಯಾಗಿ, ಆವಿಯು ಶಾಖವನ್ನು ಹೆಚ್ಚಿಸಿ, ಕಡೆಗೆ ನೀರೆಲ್ಲ ಹಾರಿಹೋಯಿತೆಂದು ಹಲವು ವಿಜ್ಞಾನಿಗಳ ಅಭಿಪ್ರಾಯ. ನಮ್ಮ ಭೂಮಿಯು ಈ ಎರಡು ತುದಿಗಳಿಂದಲೂ ದೂರದಲ್ಲಿದೆ. ಆದರೆ ಕಾವೇರಿದಂತೆ ಪ್ರತಿಯೊಂದು ಇಮ್ಮಡಿಯ ಹೆಜ್ಜೆಯೂ ಹಿಂದಿನದಕ್ಕಿಂತ ಸ್ವಲ್ಪ ದೊಡ್ಡದಾಗುತ್ತ ಹೋಗುವುದೆಂದು ಇಂದಿನ ಗಣಿತ ಮಾದರಿಗಳಲ್ಲಿ ಬಹುಪಾಲು ತೋರಿಸುತ್ತಿವೆ. ಸಮಾನ ಹೆಜ್ಜೆಯ ನಿಯಮವು ನಮ್ಮ ಹತ್ತಿರದ ಹಾದಿಗೆ ಸಾಕಾದೀತು. ಹಾದಿ ಉದ್ದವಾದಂತೆ ಅದನ್ನು ನಂಬಿ ನಡೆಯುವಂತಿಲ್ಲ.

ಅರ್ಹೀನಿಯಸನ ಅಂಕಿಗಳಲ್ಲಿ ಎಷ್ಟೋ ತಿದ್ದುಪಡಿಯಾಗಿವೆ. ಆತನ ಕ್ರಮವು ಉಳಿದಿದೆ. ಒಂದು ಸಲ ಬಂದ ಉತ್ತರವನ್ನೇ ಕೊನೆಯದೆಂದು ನಂಬದೆ, ಆ ಉತ್ತರದಿಂದ ಏನು ಬದಲಾಗುವುದೆಂದು ಕೇಳಿ ಮತ್ತೆ ಮೊದಲಿನಿಂದ ಲೆಕ್ಕಕ್ಕೆ ಕುಳಿತದ್ದೇ ಆತನ ಹಿರಿಮೆ. ನೀರಾವಿಗೂ ಹಿಮಕ್ಕೂ ಹೀಗೆ ಎರಡನೆಯ ಸುತ್ತಿನ ಲೆಕ್ಕವನ್ನು ಹಾಕಿದವನು, ಮನುಷ್ಯನ ಬಯಕೆಗೆ ಮಾತ್ರ ಒಂದೇ ಸುತ್ತಿನ ಲೆಕ್ಕ ಹಾಕಿದನು. ಕಲ್ಲಿದ್ದಲು ಕೊಟ್ಟ ಸಂಪತ್ತು ಇನ್ನಷ್ಟು ಕಲ್ಲಿದ್ದಲನ್ನು ಬೇಡುವುದೆಂಬುದು ಆತನ ಕೋಷ್ಟಕದಲ್ಲಿರಲಿಲ್ಲ. ಆ ಸಾಲನ್ನು ಬರೆಯುವ ಕೆಲಸವು ಆತನ ತರುವಾಯದವರ ಪಾಲಿಗೆ ಬಂದಿದೆ. ಬರೆದದ್ದನ್ನು ತಿದ್ದುವ ಅವಕಾಶವೂ ಅವರಿಗೇ ಇದೆ. ಏಕೆಂದರೆ ಹಿಮವೂ ನೀರಾವಿಯೂ ಶಾಖವು ಹೇಳಿದಂತೆ ಕೇಳತಕ್ಕವು, ಕಲ್ಲಿದ್ದಲನ್ನು ಸುಡುವ ಕೈಯಾದರೋ ಮನುಷ್ಯನದು.